ಸಿಹಿ ಸುದ್ದಿಗೆ ಒಗ್ಗದ ಮುಖ

ಸಂತೋಷದ ಸುದ್ದಿ ಹೇಳುವುದಕ್ಕೂ ಒಂದು ಮುಖ ಬೇಕು. ಅದು ನನಗಿಲ್ಲ. ಇದನ್ನು ಬೇಸರದಿಂದ ಹೇಳುತ್ತಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ಯಲ್ದೂರಿನ ಪಕ್ಕದ ನಮ್ಮೂರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಕರೆಸುವುದು ನನ್ನನ್ನು. ಕಣ್ಣು ಮುಚ್ಚಿಸುವುದು, ದವಡೆಗೆ ಬಟ್ಟೆ ಕಟ್ಟುವುದು, ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟುವುದು, ಬಿದಿರು ಸೀಳಿ ಚಟ್ಟ ಕಟ್ಟುವುದು, ಆಮೇಲೆ ಬಸ್ಸು ಹತ್ತಿ ಹೊರಗಿನ ನೆಂಟರಿಗೆ ಸುದ್ದಿ ಮುಟ್ಟಿಸುವುದು, ಎಲ್ಲವೂ ನನ್ನ ಪಾಲಿಗೆ ಬಂದಿವೆ. ಹೆಂಗಸರಾದರೆ ಸ್ನಾನ ಮಾಡಿಸುವುದು ಮಾತ್ರ ಹೆಂಗಸರ ಕೆಲಸ. ಇದೇನು ನಮ್ಮ ವಂಶದ ಕಸುಬಲ್ಲ. ನಾನು ಹಿಪ್ಪುನೇರಳೆ, ರಾಗಿ ಬೆಳೆಯುವವನು. ನನ್ನ ಹದಿನಾರನೇ ವಯಸ್ಸಿನಲ್ಲಿ ನಮ್ಮಪ್ಪ ಹೋದಾಗ, ಚಟ್ಟ ಕಟ್ಟಬೇಕಾಗಿದ್ದ ಹಿರಿಯರು ಕುಡಿದು ಹೊಂಗೆಮರದ ಕೆಳಗೆ ಬಿದ್ದಿದ್ದರು. ನಾನೇ ಕಟ್ಟಿದೆ. ಚೆನ್ನಾಗಿ ಕಟ್ಟಿದ್ದೇ ತಪ್ಪಾಯಿತು. ಮೂರನೇ ಕ್ಲಾಸಿನಲ್ಲಿ ಮೇಷ್ಟರು ಕೊಡದ ಶಾಭಾಸ್‌ಗಿರಿ ಅವತ್ತು ಊರೇ ಕೊಟ್ಟಿತು. ಅಂದಿನಿಂದ ಬಿಡುಗಡೆಯಿಲ್ಲ.

ಇದರ ತೊಂದರೆ ಏನೆಂದರೆ, ಜ್ವರ ಬಂದವರನ್ನು ನಾನು ನೋಡಲು ಹೋಗುವಂತಿಲ್ಲ. ಒಮ್ಮೆ ಹೀಗೇ ಪಕ್ಕದ ಬೀದಿಯ ಯಜಮಾನರನ್ನು ವಿಚಾರಿಸಲು ಹೋದೆ. ಬರೀ ಕೆಮ್ಮು. ನನ್ನನ್ನು ಕಂಡವರೇ ಗೋಡೆಯ ಕಡೆ ತಿರುಗಿ, "ಇವನನ್ಯಾರು ಕರ್ಸಿದ್ದು? ಇನ್ನೂ ಟೈಮ್ ಐತೆ ಅಂತ ಹೇಳಿ ಕಳ್ಸಿ" ಎಂದರು. ಅವರು ಇನ್ನೂ ಗಟ್ಟಿಯಾಗಿದ್ದಾರೆ. ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಅಷ್ಟೆ.

ಇಂಥ ಮುಖದವನಿಗೆ ದೇವರು ಒಬ್ಬಳು ಮೊಮ್ಮಗಳನ್ನು ಕೊಟ್ಟ. ಹೆಸರು ಮಂಜುಳ. ನನ್ನ ಒಬ್ಬನೇ ಮಗ ನಾರಾಯಣಸ್ವಾಮಿಯ ಒಬ್ಬಳೇ ಮಗಳು. ಕೋಲಾರದಲ್ಲಿ ಬಿಎಸ್ಸಿ ಮುಗಿಸಿದಳು. ನಮ್ಮ ಮನೆಯಲ್ಲಿ ಡಿಗ್ರಿ ಅನ್ನುವ ಮಾತು ಅದಕ್ಕೆ ಮುಂಚೆ ಬಂದಿದ್ದು ಥರ್ಮಾಮೀಟರ್ ನೋಡುವಾಗ ಮಾತ್ರ, ರೇಷ್ಮೆಹುಳದ ಮನೆಯಲ್ಲಿ. ಅವಳು ಡಿಗ್ರಿ ಓದುತ್ತಿದ್ದಾಗಲೇ ಅವಳ ತಾಯಿ, ನನ್ನ ಸೊಸೆ, ಹೊಟ್ಟೆಯ ರೋಗದಿಂದ ಆಸ್ಪತ್ರೆ ಸೇರಿದಳು. ಹನ್ನೊಂದು ದಿನ ಇದ್ದಳು. ಹನ್ನೆರಡನೆಯ ದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಭ್ಯಾಸಬಲ, ಕಣ್ಣೀರಿಗಿಂತ ಮುಂಚೆ ನನ್ನ ಕೈ ಕೆಲಸಕ್ಕೆ ಹೋಯಿತು. ಆದರೆ ಕೆಲಸವೇ ಉಳಿದಿರಲಿಲ್ಲ. ಕಣ್ಣು ಮುಚ್ಚಿತ್ತು. ದವಡೆ ಕಟ್ಟಿತ್ತು. ಹನ್ನೊಂದು ದಿನ ಸಿಕ್ಕುಗಟ್ಟಿದ್ದ ಕೂದಲನ್ನು ಯಾರೋ ಬಿಡಿಸಿ, ಬಾಚಿ, ಜಡೆ ಹಾಕಿದ್ದರು. ಆ ವಾರ್ಡಿನ ನರ್ಸಮ್ಮ. ನನ್ನ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಿದವರನ್ನು ಅವತ್ತೇ ಮೊದಲು ನೋಡಿದ್ದು. ಮಂಜುಳ ತಾಯಿಯ ಮುಖ ನೋಡಲಿಲ್ಲ, ಆ ಜಡೆಯನ್ನೇ ನೋಡುತ್ತ ನಿಂತಿದ್ದಳು.

ಅವಳು ನರ್ಸ್ ಆಗಬೇಕೆಂದು ಹೊರಟಿದ್ದು ಅಲ್ಲಿಂದ. ಡಿಗ್ರಿ ಮುಗಿದ ವರ್ಷ ಒಂದು ಆಸ್ಪತ್ರೆಯ ತರಬೇತಿ ಶಾಲೆಯವರು ಡಿಗ್ರಿ ಆದ ಹುಡುಗಿಯರಿಗೂ ಕೆಲವು ಸೀಟು ಇಟ್ಟಿದ್ದಾರೆಂದು ತಿಳಿದು ಅರ್ಜಿ ತಂದಳು. ಅರ್ಜಿಯಲ್ಲಿ ಪೋಷಕರ ಸಹಿ ಬೇಕು. ಅದೇ ಹೊತ್ತಿಗೆ ಮಾಲೂರಿನ ಹೆಂಚಿನ ಕಾರ್ಖಾನೆಯ ಗುಮಾಸ್ತನ ಕಡೆಯಿಂದ ಸಂಬಂಧ ಬಂದಿತ್ತು. ಹುಡುಗಿ ನರ್ಸ್ ಆಗುವುದಾದರೆ ತಾಂಬೂಲ ಬೇಡ ಎಂದು ಅವರು ಹೇಳಿಕಳಿಸಿದ್ದರು. ನನ್ನ ಮಗ ಅರ್ಜಿಯನ್ನು ಮುಟ್ಟಲೂ ಇಲ್ಲ.

"ನಿನ್ನಿಂದ ನಮ್ಮನೆಗೆ ಬಂದಿರೋ ಹೆಸ್ರು ಸಾಲ್ದಾ ಅಪ್ಪ? ಇವ್ಳೂ ಹೆಣ ಮುಟ್ಬೇಕಾ?" ಎಂದ.

"ನರ್ಸ್ ಬದುಕಿರೋರ್ನ ಮುಟ್ಟೋದು ಕಣೋ" ಎಂದೆ.

"ಅಮ್ಮನ್ನ ಮುಟ್ಟಿದ್ದು?" ಎಂದಳು ಮಂಜುಳ, ತಲೆ ಎತ್ತದೆ.

ಪೋಷಕರು ಎಂದು ಬರೆದಿದ್ದ ಕಡೆ ನಾನು ಸಹಿ ಹಾಕಿದೆ. ನನ್ನ ಸಹಿ ಉದ್ದ. ಗೆರೆ ಮುಗಿದು ಪಕ್ಕದ 'ಕಚೇರಿ ಉಪಯೋಗಕ್ಕೆ ಮಾತ್ರ' ಎಂಬ ಮನೆಯೊಳಕ್ಕೂ ಎರಡು ಅಕ್ಷರ ಹೋದವು. ನನ್ನ ಮಗ ಎದ್ದು ಹೋಗುತ್ತ, "ಹೋದ್ರೂ ತಿಂಗಳೊಳಗೆ ವಾಪಸ್ ಬರ್ತಾಳೆ. ಬಂದ್ಮೇಲೆ ಮಾಲೂರಿನೋರ ಕಾಲು ನೀನೇ ಹಿಡೀಬೇಕು" ಎಂದ. ಆಗಲಿ ಎಂದೆ. ಕಾಲು ಹಿಡಿಯುವುದು ನನಗೇನು ಹೊಸದಲ್ಲ. ಇದುವರೆಗೆ ಹಿಡಿದ ಕಾಲುಗಳು ಒದೆಯುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಸೀಟು ಸಿಕ್ಕಿತೆಂದು ಕಾಗದ ಬಂದ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಮೊದಲು ಹೇಳಬೇಕಾದ್ದು ನನ್ನ ತಂಗಿ ನಾರಾಯಣಮ್ಮನಿಗೆ. ಅವಳನ್ನು ಕೊಟ್ಟಿರುವುದು ಮುಳಬಾಗಿಲಿನ ಆಚೆ, ಕುರುಡುಮಲೆಗೆ. ಬಸ್ಸು ಹಿಡಿದು ಹೋದೆ. ಇಲ್ಲಿ ಒಂದು ಮಾತು ಹೇಳಬೇಕು. ಸಾವಿನ ಸುದ್ದಿ ತಂದವನು ಹೊಸ್ತಿಲು ದಾಟಬಾರದು, ಕೂರಬಾರದು, ನೀರು ಮುಟ್ಟಬಾರದು. ಬಾಗಿಲಾಚೆ ನಿಂತು ಹೇಳಿ ತಿರುಗಬೇಕು. ಐವತ್ತು ವರ್ಷ ಹೀಗೇ ನಿಂತ ಕಾಲು, ಅವತ್ತು ಸೀಟಿನ ಕಾಗದ ಜೇಬಿನಲ್ಲಿದ್ದರೂ ಅಲ್ಲೇ ನಿಂತುಬಿಟ್ಟಿತು. ಟವಲ್ಲನ್ನು ಕೈಗೆ ತೆಗೆದುಕೊಂಡು, "ನಾರಾಯಣಮ್ಮ, ಒಂದು ಮಾತು ಹೇಳೋಣ ಅಂತ ಬಂದೆ" ಎಂದೆ. ಟವಲ್ಲಿನಿಂದ ಕಣ್ಣೂ ಒರೆಸಿಕೊಂಡೆ. ಖುಷಿಗೆ.

ಅಕ್ಕಿ ಆರಿಸುತ್ತಿದ್ದ ನನ್ನ ತಂಗಿ ಮೊರ ಬಿಟ್ಟಳು. "ಅಯ್ಯೋ ದೇವುಡಾ, ಎವುರಣ್ಣಾ ಪೊಯ್ನಾರು?" ಎಂದು ತೆಲುಗಿನಲ್ಲೇ ಎದೆ ಬಡಿದುಕೊಂಡಳು. ಯಾರು ಹೋದರು ಎಂಬ ಪ್ರಶ್ನೆಗೆ ನಾನು ಬಾಯಿ ತೆರೆಯುವಷ್ಟರಲ್ಲಿ ಬೀದಿಯ ಹೆಂಗಸರು ಸೇರಿದರು. ಅವರಲ್ಲೊಬ್ಬಳು, ಹೋದವನು ನನ್ನ ಮಗನೇ ಎಂದುಕೊಂಡು, ಆಗಲೇ ಅವನ ಗುಣಗಾನ ಎತ್ತಿಕೊಂಡು ರಾಗವಾಗಿ ಅಳತೊಡಗಿದ್ದಳು. ನನ್ನ ತಂಗಿ ಹಿತ್ತಿಲಿಗೆ ಓಡಿ, ಮೈಲಿಗೆ ಕಳೆಯಲು ಒಂದು ಕೊಡ ತಣ್ಣೀರನ್ನು ಉಟ್ಟ ಸೀರೆಯ ಮೇಲೇ ಸುರಿದುಕೊಂಡು ಬಂದಳು. ಆಗ ನಾನು, "ಮಂಜುಳಂಗೆ ನರ್ಸಿಂಗ್ ಸೀಟು ಸಿಕ್ತು" ಎಂದೆ.

ನನ್ನ ತಂಗಿ ಸೀರೆಯ ಸೆರಗು ಹಿಂಡಿದಳು.

"ಸಾಯೋ ವಯಸ್ನಲ್ಲಿ ನನ್ನ ಹಿಂಗೆ ನೆನೆಸ್ತೀಯಲ್ಲಣ್ಣ" ಎಂದಳು. "ಒಳಗ್ ಬಂದು ಕೂತ್ಕೊಂಡು ಹೇಳಕ್ಕೇನಾಗಿತ್ತು ನಿಂಗೆ? ನಗ್ತಾ ಹೇಳಕ್ಕೇನಾಗಿತ್ತು?"

"ನಗ್ತಾ ಇದ್ದೆ ಕಣಮ್ಮ."

"ಅದಾ ನಗು?" ಎಂದಳು. ಆಮೇಲೆ ಬೆಲ್ಲ ಕೊಟ್ಟಳು. ಎರಡು ದಿನ ನೆಗಡಿಯಲ್ಲಿ ಮಲಗಿದಳಂತೆ. ನೋಡಲು ನಾನು ಹೋಗಲಿಲ್ಲ.

ಮಂಜುಳ ಹಾಸ್ಟೆಲ್ ಸೇರಿದ ಮೂರನೇ ವಾರ, ಭಾನುವಾರ, ರಾಗಿ ಹುರಿಹಿಟ್ಟು ಕಟ್ಟಿಕೊಂಡು ಹೋದೆ. ಬಿಳಿ ಬಟ್ಟೆಯಲ್ಲಿ ಬಂದು ಕಲ್ಲುಬೆಂಚಿನ ಮೇಲೆ ನನ್ನ ಪಕ್ಕ ಕೂತಳು. ಹುರಿಹಿಟ್ಟಿನ ಗಂಟನ್ನು ಬಿಚ್ಚಲೇ ಇಲ್ಲ.

"ತಾತ, ನಾನು ಊರಿಗೆ ಬಂದ್ಬಿಡ್ತೀನಿ."

"ಊಟ ಸೇರಲ್ವಾ?"

"ಊಟ ಅಲ್ಲ." ಗಂಟನ್ನು ಮಡಿಲಲ್ಲಿ ತಿರುಗಿಸುತ್ತ ಹೇಳಿದಳು. ವಾರ್ಡಿನಲ್ಲಿ ಒಬ್ಬ ಅಜ್ಜಿ ತೀರಿಕೊಂಡಿದ್ದಳು. ಮೈ ಒರೆಸಿ, ಬಟ್ಟೆ ಬದಲಿಸಿ ಸಿದ್ಧ ಮಾಡು ಎಂದು ವಾರ್ಡಿನ ಹಿರಿಯ ಸಿಸ್ಟರ್ ಇವಳಿಗೆ ಹೇಳಿದ್ದರು. "ಮೈಯಲ್ಲಿ ಎಷ್ಟು ಮೂಳೆ ಅಂತ ಹೆಸರು ಸಮೇತ ಹೇಳ್ತೀನಿ ತಾತ. ಆ ಅಜ್ಜೀದು ಒಂದು ಕೈ ಎತ್ತಕ್ಕೆ ನನ್ನಿಂದ ಆಗ್ಲಿಲ್ಲ. ನನ್ ಕೈ ನಡುಗಿ ಬೇಸಿನ್ ಬಿದ್ಹೋಯ್ತು. ಏಳನೇ ಕ್ಲಾಸ್ ಓದಿರೋ ಆಯಾ ಮಾಡ್ತಾಳೆ, ಡಿಗ್ರಿಯವಳಿಗೆ ಆಗಲ್ವಾ ಅಂದ್ರು ಸಿಸ್ಟರ್. ಇನ್ನೊಂದ್ಸಲ ಹೀಗಾದ್ರೆ ಪೆಟ್ಟಿಗೆ ಕಟ್ಕೋ ಅಂದ್ರು."

ನನ್ನ ಓದು ಅಕ್ಷರ ಕೂಡಿಸುವಷ್ಟೇ. ಮೂರನೇ ಕ್ಲಾಸಿನವನು ಬಿಎಸ್ಸಿಗೆ ಏನು ಹೇಳಿಕೊಡಲಿ? ಆದರೆ ಅವಳು ಕೇಳುತ್ತಿದ್ದುದು ನಾನು ಐವತ್ತು ವರ್ಷ ಓದಿದ ಪಾಠವನ್ನೇ. ಯಾರಿಗೂ ಹೇಳಿರದ ಗುಟ್ಟೊಂದನ್ನು ಹೇಳಿದೆ.

"ನಮ್ಮಪ್ಪನ್ನ ಕಟ್ಟುವಾಗ ನನಗೂ ನಡುಗ್ತು ಕಣೇ. ಅದಕ್ಕೇ ಮಾತಾಡಿಸ್ದೆ. ಅಪ್ಪ, ಬಲಗೈ ಸ್ವಲ್ಪ ಎತ್ತು, ನಿಧಾನ, ಆಯ್ತು, ಅಷ್ಟೇ ಅಂತ. ಅವತ್ತಿಂದ ಎಲ್ರನ್ನೂ ಹಂಗೇ ಮಾತಾಡಿಸ್ತೀನಿ. ಬಾಯಿ ಮಾತಾಡ್ತಾ ಇದ್ರೆ ಕೈಗೆ ಹೆದ್ರಿಕೆ ಮರ್ತೋಗುತ್ತೆ. ಅವ್ರೂ ಒಂಟಿ ಅಲ್ಲ, ನೀನೂ ಒಂಟಿ ಅಲ್ಲ."

"ಅವ್ರಿಗೆ ಕೇಳ್ಸುತ್ತಾ ತಾತ?"

"ಇಲ್ಲೀವರ್ಗೂ ಯಾರೂ ಎದುರು ಮಾತಾಡಿಲ್ಲ" ಎಂದೆ.

ಮೂಗು ಒರೆಸಿಕೊಂಡು ನಕ್ಕಳು. "ಅಮ್ಮಂಗೂ ಆ ನರ್ಸಮ್ಮ ಮಾತಾಡ್ಸಿರ್ತಾರಾ?"

"ಜಡೆ ಹಾಕೋವಾಗ ಸುಮ್ನೆ ಇರಕ್ಕೆ ಯಾರಿಗಾಗುತ್ತೆ?" ಎಂದೆ. ಹುರಿಹಿಟ್ಟಿನ ಗಂಟು ಬಿಚ್ಚಿದಳು.

ಆಮೇಲಿನ ದಿನಗಳು ನನ್ನ ಶತ್ರುವಿಗೂ ಬೇಡ. ಅವಳ ಕೈ ನಡುಗುವುದು ನಿಂತಿತೋ ಇಲ್ಲವೋ ಗೊತ್ತಾಗಬೇಕಾದರೆ ಆ ವಾರ್ಡಿನಲ್ಲಿ ಇನ್ನೊಬ್ಬರು ಹೋಗಬೇಕು. ಯಾರಾದರೂ ಸಾಯಲಿ ಎಂದು ಬೇಡಿಕೊಳ್ಳುವಂತಿಲ್ಲ. ಯಾರೂ ಸಾಯದಿದ್ದರೆ ಮೊಮ್ಮಗಳ ಗತಿ ತಿಳಿಯುವಂತಿಲ್ಲ. ದೇವರ ಮುಂದೆ ನಿಂತು, "ಹೋಗಲೇಬೇಕಾದವರು ಇದ್ದರೆ" ಎಂದು ಶುರುಮಾಡಿ, ಮುಂದಿನ ಮಾತು ಹೊಳೆಯದೆ ಕರ್ಪೂರ ಹಚ್ಚಿ ಬಂದೆ. ನನ್ನ ಮಗ ದಿನವೂ ಬಸ್ಸು ಬರುವ ಹೊತ್ತಿಗೆ ಬೀದಿಯ ಕಡೆ ನೋಡುತ್ತಿದ್ದ. ಅವಳು ಇಳಿಯಲಿ ಎಂದು ನೋಡುತ್ತಿದ್ದನೋ, ಇಳಿಯದಿರಲಿ ಎಂದೋ, ನಾನು ಕೇಳಲಿಲ್ಲ.

ಕೊನೆಗೆ ಕಾಗದ ಬಂತು. "ತಾತ, ನಿನ್ನೆ ನಮ್ಮ ವಾರ್ಡಿನಲ್ಲಿ ಒಬ್ಬರು ಹೋದರು. ಮಾತಾಡಿಸಿದೆ. ಕೈ ನಡುಗಲಿಲ್ಲ. ಕೂದಲು ಬಾಚಿದೆ. ಪೆಟ್ಟಿಗೆ ಮಂಚದ ಕೆಳಗೇ ಇದೆ." ನಾನು ಓದಿ ಮಗನ ಕೈಗೆ ಕೊಟ್ಟೆ. ಅವನು ಎರಡು ಸಲ ಓದಿ, ಮಡಿಸಿ, ತನ್ನ ಜೇಬಿನಲ್ಲೇ ಇಟ್ಟುಕೊಂಡ. "ಮಾಲೂರಿನೋರಿಗೆ ಬೇರೆ ಕಡೆ ನೋಡ್ಕೊಳ್ಳಿ ಅಂತ ಹೇಳ್ಕಳ್ಸಬೇಕು" ಎಂದ. ಯಾರೋ ಪಾಪ ಸತ್ತಿದ್ದರು, ನಮ್ಮ ಮನೆಯಲ್ಲಿ ಪಾಯಸ. ಆ ಪುಣ್ಯಾತ್ಮರ ಹೆಸರೂ ನಮಗೆ ಗೊತ್ತಿಲ್ಲ. ಮೊದಲ ತುತ್ತನ್ನು ಅವರ ಹೆಸರಿಗೆಂದು ಎಲೆಯ ಬದಿಗಿಟ್ಟೆ. ಊರಿಗೆಲ್ಲ ಹೇಳಿ ಬರೋಣವೆಂದು ಟವಲ್ಲು ಎತ್ತಿಕೊಂಡವನು, ತಂಗಿಯ ಒದ್ದೆ ಸೀರೆ ನೆನಪಾಗಿ ಕೂತುಬಿಟ್ಟೆ.

ಮೊನ್ನೆ ಅವಳು ಮೊದಲ ರಜೆಗೆ ಬಂದಳು. ಬಂದಾಗ ನನಗೆ ಜ್ವರ. ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದೆ. ಬಂದವಳೇ ಕೈಕಾಲು ತೊಳೆದು, ಒದ್ದೆ ಬಟ್ಟೆ ತಂದು, ಪಕ್ಕದಲ್ಲಿ ಕೂತಳು. ಹಣೆ ಒರೆಸಿದಳು, ಕತ್ತು ಒರೆಸಿದಳು. ಎಂಥ ಹಗುರವಾದ ಕೈ. ನನ್ನ ಮೊಮ್ಮಗಳು ನರ್ಸಮ್ಮ ಎಂದು ಕಣ್ಣು ಮುಚ್ಚಿಕೊಂಡೇ ಉಬ್ಬಿಹೋದೆ. ಆಗ ಅವಳು ಕಿವಿಯ ಹತ್ತಿರ ಬಗ್ಗಿ, ಮೆಲ್ಲಗೆ ಹೇಳಿದಳು:

"ತಾತ, ಬಲಗೈ ಸ್ವಲ್ಪ ಎತ್ತು. ನಿಧಾನ. ಆಯ್ತು, ಅಷ್ಟೇ."

ಥೇಟ್ ನನ್ನದೇ ಧಾಟಿ. ನಾನು ಬಲಗೈ ಎತ್ತಿದೆ. ಅವಳು ಕೇಳದಿದ್ದರೂ ಎಡಗೈಯನ್ನೂ ಎತ್ತಿದೆ.