ಗ್ರಹಣದ ಪರ ವಕಾಲತ್ತು

ಇಳಕಲ್ಲಿನ ನಮ್ಮ ಓಣಿಗೆಲ್ಲ ವಿಜ್ಞಾನದ ಮಾಸ್ತರ ನಾನೊಬ್ಬನೇ! ಹೀಗಾಗಿ ಎಂಬತ್ತರ ಸೂರ್ಯಗ್ರಹಣದಂದು ಊರೆಲ್ಲ ಬಾಗಿಲು ಹಾಕಿಕೊಂಡಾಗ, ಏಳು ತಿಂಗಳ ಬಸುರಿ ಹೆಂಡತಿ ಗಂಗವ್ವನಿಗೆ, "ಏನೂ ಆಗಂಗಿಲ್ಲ, ನೀ ಬದನಿಕಾಯಿ ಹೆಚ್ಚು" ಎಂದು ಅಪ್ಪಣೆ ಮಾಡಿದೆ. ಗ್ರಹಣದಲ್ಲಿ ಬಸುರಿ ಏನನ್ನಾದರೂ ಕೊಯ್ದರೆ ಕೂಸಿಗೆ ಊನ ಎಂದು ನಮ್ಮವರ ನಂಬಿಕೆ. ನಮ್ಮವ್ವ ಎದೆ ಬಡಿದುಕೊಂಡಳು. ಪಲ್ಯ ಮಾತ್ರ ರುಚಿಯಾಗಿತ್ತು!

ಹೆಣ್ಣು ಕೂಸು ಹುಟ್ಟಿತು. ಬಲಗಣ್ಣಿನ ಮೇಲ್ರೆಪ್ಪೆಯಲ್ಲಿ ಕೊಯ್ದಂತೆ ಒಂದು ಸಂದು. ನಿದ್ದೆಯಲ್ಲೂ ಆ ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ.

"ಬ್ಯಾಡಂದ್ರ ಕೇಳಿದೇನು?" ಎಂದು ಅವ್ವ ಅತ್ತಳು. ಗಂಗವ್ವ ನನ್ನೊಡನೆ ಮಾತೇ ಬಿಟ್ಟಳು.

ವಿಜ್ಞಾನದ ಮರ್ಯಾದೆ, ಅದಕ್ಕಿಂತ ಹೆಚ್ಚಾಗಿ ನನ್ನ ಮರ್ಯಾದೆ ಉಳಿಯಬೇಕಿತ್ತು. ಕೂಸನ್ನು ಬಾಗಲಕೋಟೆಯ ದವಾಖಾನೆಗೆ ಒಯ್ದೆವು. "ದೃಷ್ಟಿ ಛಲೋ ಐತಿ. ಸಂದಿನ ಕಡೆ ಎಣ್ಣಿ ಗ್ರಂಥಿ ಬೆಳದಿಲ್ಲ, ಕಣ್ಣು ಒಣಗತೈತಿ. ಹನಿ ಹಾಕ್ರಿ, ಮುಂದ ಹೊಲಿಯೂಣು" ಎಂದ ಡಾಕ್ಟರು, ರೆಪ್ಪೆ ಬೆಳೆಯುವ ಬಗೆಯನ್ನೂ ತಿಳಿಸಿದರು. ಮನೆಗೆ ಬಂದವನೇ ಬಾಗಿಲ ಮೇಲೆ ಸೀಮೆಸುಣ್ಣದ ಖಡುವಿನಿಂದ ಚಿತ್ರ ಬರೆದು ಭಾಷಣ ಶುರು ಮಾಡಿದೆ.

"ಹೊಟ್ಟಿಯೊಳಗ ಒಂದು ಕೋಶ ಇನ್ನೊಂದಕ್ಕ 'ಬೆಳಿ' ಅಂತ ರಾಸಾಯನಿಕ ಸುದ್ದಿ ಕಳಸತೈತಿ. ಎರಡೂ ರೆಪ್ಪಿ ಬೆಳದು ಅಂಟಿಕೋತಾವು, ಒಳಗ ಗ್ರಂಥಿ ಆಗತಾವು, ಆಮ್ಯಾಲೆ ತೆರೀತಾವು. ನಮ್ಮ ಕೂಸಿಗೆ ಆ ಸುದ್ದಿ ಎಲ್ಲೋ ತಪ್ಪೇತಿ. ರೆಪ್ಪಿ ಬೆಳದು ಅಂಟಿಕೊಳ್ಳೂದು ಮೂರನೇ ತಿಂಗಳದೊಳಗಿನ ಮಾತು. ಗ್ರಹಣ ಏಳನೇದ್ದರಾಗ. ಗ್ರಹಣ ನಿರ್ದೋಷಿ! ನಾನೂ ನಿರ್ದೋಷಿ!"

ಚಪ್ಪಾಳೆಗೆ ಕಾದೆ. ಅವ್ವ ಕೇಳಿದಳು, "ಹಂಗಾರ ಮೂರನೇ ತಿಂಗಳದಾಗ ಏನಾಗಿತ್ತು?"

ಗಂಗವ್ವ ಕೂಸನ್ನು ಅವುಚಿಕೊಂಡಳು. "ಆವಾಗ ನನಗ ಜ್ವರ ಬಂದಿತ್ತು. ಯಾರಿಗೂ ಹೇಳಲಿಲ್ಲ. ಸೀರಿ ಮುಗಿಸಬೇಕಂತ ಮಗ್ಗದಾಗ ಕುಂತ ಇದ್ದೆ. ಅಯ್ಯೋ, ನಾನ ಮಾಡಿದೆನೇನ್ರಿ ಇದನ್ನ?"

ಜ್ವರದಿಂದಲೇ ಆಯಿತೆಂದು ಯಾರೂ ಹೇಳಲಾರರು, ಡಾಕ್ಟರಿಗೂ ಗೊತ್ತಿಲ್ಲ ಎಂದು ಪರಿಪರಿಯಾಗಿ ಹೇಳಿದೆ. ಅವಳ ಕಿವಿಗೆ ಬೀಳಲಿಲ್ಲ. ಊಟ ಬಿಟ್ಟಳು, ಮಗ್ಗಕ್ಕೆ ಇಳಿಯುವುದನ್ನೂ ಬಿಟ್ಟಳು. ಅಲ್ಲಿಯವರೆಗೆ ಅವಳ ಸಿಟ್ಟಿಗೆ ನಾನಾದರೂ ಇದ್ದೆ. ನಿರ್ದೋಷಿಯಾಗಲು ಹೋಗಿ ಅದನ್ನೂ ಕಸಿದುಕೊಂಡಿದ್ದೆ.

ಕೊನೆಗೊಂದು ದಿನ ಚಿತ್ರ ಒರೆಸಿ ಅವಳ ಮುಂದೆ ಕೂತೆ. "ಡಾಕ್ಟರಿಗೆ ಮತ್ತ ಕೇಳಿದ್ನಿ. ಗ್ರಹಣದಿಂದನ ಆಗೇತಿ. 'ಬದನಿಕಾಯಿ ಹೆಚ್ಚು' ಅಂದಾವ ನಾ. ತಪ್ಪು ನಂದು."

"ಖರೇನ್ರಿ?"

"ಖರೆ."

"ನಿಮ್ಮ ಶಾಣ್ಯಾತನಕ್ಕ ಬೆಂಕಿ ಹತ್ತಲಿ!" ಎಂದು ಬೈದಳು. ಬೈಯುತ್ತ ಅತ್ತಳು. ಅಳುತ್ತಲೇ ರೊಟ್ಟಿ ಮುರಿದಳು.

ಈಗ ಮಗಳ ಕಣ್ಣಿಗೆ ಏನಾಯಿತೆಂದು ಯಾರು ಕೇಳಿದರೂ, ಗಂಗವ್ವನಿಗೆ ಕೇಳುವಂತೆ ಗಟ್ಟಿಯಾಗಿ ಹೇಳುತ್ತೇನೆ: "ಗ್ರಹಣ ರೀ!" ಸಾಲಿಯ ಹುಡುಗರು ಕೇಳಿದರೂ ಅದನ್ನೇ ಹೇಳುತ್ತೇನೆ. ವಿಜ್ಞಾನದ ಮಾಸ್ತರನಂತೆ, ನಾನು!