ಕೈ ಕೊಡುವ ಮಿಷನ್ನು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದೆರಡು ಕಡೆ ನನ್ನ ನೆನಪು ತಪ್ಪಿರಬಹುದು. ಬಹಳ ವರ್ಷ ಚಿತ್ರದುರ್ಗದಿಂದ ಹೊಳಲ್ಕೆರೆಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಕಾಲೇಜಿನಲ್ಲಿ ಇತಿಹಾಸ ಕಲಿಸಿದವಳು ನಾನು. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ, ಆ ಸಾಕ್ಷಿ ತನ್ನನ್ನೇ ಹೊಗಳಿಕೊಳ್ಳುತ್ತಿದ್ದರಂತೂ ನಂಬಲೇಬೇಡಿ ಎಂದು ಬೋರ್ಡಿನ ಮೇಲೆ ಬರೆದು ಕಲಿಸಿದ್ದೇನೆ. ಆದರೆ ಪಾಠ ಮಾಡುವವರಿಗೆ ಬೋರ್ಡು ಯಾವಾಗಲೂ ಬೆನ್ನ ಹಿಂದೆ ಇರುತ್ತದಲ್ಲ, ಅಲ್ಲಿ ಬರೆದದ್ದು ನಮಗೆ ಕಾಣುವುದಿಲ್ಲ.

ನನಗೆ ಖಚಿತವಾಗಿ ನೆನಪಿರುವುದು ಇಷ್ಟು. ನಾನು ಎಂಟು ವರ್ಷದವಳಿದ್ದಾಗ ಬೇಸಿಗೆ ರಜೆಗೆ ಹಿರಿಯೂರಿಗೆ ಹೋದರೆ ನನ್ನ ಸೋದರಮಾವ ಮಂಚದ ಕಾಲು ಕಡೆಯುತ್ತಿದ್ದರು. ಮರದ ತುಂಡನ್ನು ಎರಡು ಮೊನೆಗಳ ನಡುವೆ ಸಿಕ್ಕಿಸಿ, ಗಿರ್ರನೆ ತಿರುಗಿಸಿ, ಉಳಿ ಹಿಡಿದು ಗುಂಡಗೆ ಮಾಡುವ ಲೇತ್ ಮಿಷನ್ನು ಅವರದು. ಕರೆಂಟಿನ ಮೋಟರಿದ್ದರೂ ಆ ಮಿಷನ್ನು ತಾನಾಗಿ ಓಡುತ್ತಿರಲಿಲ್ಲ. ಮಾವ ಸ್ವಿಚ್ಚಿನ ಹತ್ತಿರ ನಿಂತು “ಎಲ್ಲೈತವ್ವಾ ನಿನ್ನ ಕೈ? ಕೈ ಕೊಡು ಬಾ, ನೀನಿಲ್ದೆ ಇದು ಏಳಾಕಿಲ್ಲ” ಎನ್ನುತ್ತಿದ್ದರು. ನಾನು ಎರಡೂ ಕೈಯಲ್ಲಿ ಬೆಲ್ಟಿನ ಚಕ್ರ ತಿರುವಿ ಹಿಂದೆ ಹಾರುತ್ತಿದ್ದೆ, ಮಿಷನ್ನು ಏಳುತ್ತಿತ್ತು. ಆರು ಮಕ್ಕಳ ಮನೆಯಲ್ಲಿ ನಾಲ್ಕನೆಯವಳಾಗಿ ಹುಟ್ಟಿದವಳಿಗೆ ‘ನೀನಿಲ್ಲದೆ ಆಗುವುದಿಲ್ಲ’ ಎಂಬ ಮಾತು ಬೇರೆಲ್ಲೂ ಸಿಗುತ್ತಿರಲಿಲ್ಲ. ನನ್ನ ನೆನಪಿನಲ್ಲಿ ಆ ಚಕ್ರ ಎತ್ತಿನ ಗಾಡಿಯ ಚಕ್ರದಷ್ಟಿತ್ತು. ಮೊನ್ನೆ ಟೇಪು ಹಿಡಿದು ನೋಡಿದೆ, ಒಂದು ಹೋಳಿಗೆಯಷ್ಟಿದೆ.

ಟೇಪು ಹಿಡಿಯುವ ಅವಕಾಶ ಬಂದದ್ದು ಹೀಗೆ. ಮಾವನಿಗೆ ಈಗ ಮಂಡಿ ನೋವು, ನಿಂತು ಕೆಲಸ ಮಾಡಲಾಗುವುದಿಲ್ಲ. ನಿವೃತ್ತಿಯಾದ ಮೇಲೆ ಏನಾದರೂ ಕಲಿಯಬೇಕು ಅಂತಿದ್ದೆ, ಮಿಷನ್ನು ನನಗೆ ಕೊಡಿ ಎಂದು ಕೇಳಿದೆ. ಕೊಟ್ಟರು, ಆದರೆ ಮಗಳನ್ನು ಧಾರೆ ಎರೆಯುವವರ ಹಾಗೆ ಕೊಟ್ಟರು. “ನೋಡವ್ವಾ, ದಿನಾ ಧೂಳು ಊದು, ಬೇರಿಂಗಿಗೆ ಎಣ್ಣೆ ಬಿಡು. ಜಾಸ್ತಿ ಬಿಡಬ್ಯಾಡ, ಬೆಲ್ಟು ಜಾರ್ತೈತೆ. ಕಾರ್ತೀಕದಾಗೆ ಒಂದಿನ ಬರ್ತೀನಿ. ಓಡ್ತಿದ್ರೆ ನಿಂದು. ಮೂಲೆಗೆ ಕುಂತಿದ್ರೆ ಅವತ್ತೇ ಗಾಡಿ ಹತ್ತಿಸ್ಕಂಡು ಬರ್ತೀನಿ. ಇಲ್ಲಿ ಕೇಳೋರು ಅವ್ರೆ” ಎಂದರು.

ಮಿಷನ್ನು ಬಂದು ಕಾರ್ ಶೆಡ್ಡಿನಲ್ಲಿ ಇಳಿಯಿತು, ಕಾರು ಬೀದಿಗೆ ಬಿತ್ತು. ನಮ್ಮನೆಯವರು ಕಾರಿನ ಮೇಲೆ ಬಿದ್ದ ಬೇವಿನ ಎಲೆಗಳನ್ನು ಬೆಳಿಗ್ಗೆ ಬೆಳಿಗ್ಗೆ ನನಗೆ ಕಾಣುವ ಹಾಗೆ ಗುಡಿಸಿದರು, ಅಷ್ಟೇ. ಎರಡು ದಿನಕ್ಕೆ ಆಯುಧ ಪೂಜೆ. ಮೊದಲು ಪೂಜೆ, ಆಮೇಲೆ ಕರೆಂಟು ಎಂದು ತೀರ್ಮಾನವಾಯಿತು. ಸೀಮೆಎಣ್ಣೆ ಹಾಕಿ ತುಕ್ಕು ಒರೆಸಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡು ಹೂವು ಮುಡಿಸಿ ಮಂಗಳಾರತಿ ಮಾಡಿದೆವು. ಮಾರನೆಯ ದಿನ ಸ್ವಿಚ್ಚು ಒತ್ತಿದರೆ ಮೋಟರು ಗುಂಯ್ ಎಂದು ಗೊಣಗಿತೇ ಹೊರತು ತಿರುಗಲಿಲ್ಲ.

“ಕೈ ಕೊಡ್ತಲ್ಲೇ ನಿನ್ನ ಮಿಷನ್ನು!” ಎಂದರು ನಮ್ಮನೆಯವರು. ಅವರ ದನಿಯಲ್ಲಿ ಕಾರು ಒಳಗೆ ಬರುವ ಆಸೆ ಇತ್ತು.

“ಅದು ಕೈ ಕೊಟ್ಟಿಲ್ಲ ಕಣ್ರಿ, ಅದಕ್ಕೆ ನಾವು ಕೈ ಕೊಡ್ಬೇಕು” ಎಂದೆ. “ಇದು ಹುಟ್ಟಿದಾಗಿಂದ ಹಿಂಗೇ. ನಂಗೊತ್ತಿಲ್ವಾ?” ಚಕ್ರ ತಿರುವಿದೆ, ಓಡಿತು! ಆ ಕ್ಷಣ ನನ್ನ ಮುಖದಲ್ಲಿದ್ದ ಕಳೆಯನ್ನು ಅವರು ಇಂದಿಗೂ ಮನೆಗೆ ಬಂದವರಿಗೆಲ್ಲ ಅಭಿನಯಿಸಿ ತೋರಿಸುತ್ತಾರೆ. ಒಮ್ಮೆ ಮರೆತು ಹಿಮ್ಮುಖವಾಗಿ ತಿರುವಿದೆ. ಮಿಷನ್ನು ಅಷ್ಟೇ ಸಂತೋಷದಿಂದ ಹಿಮ್ಮುಖವಾಗಿಯೇ ಓಡಿ, ಉಳಿಯನ್ನು ಮೇಲಕ್ಕೆ ಎಗರಿಸಿ, ಮರದ ಹೊಟ್ಟನ್ನೆಲ್ಲ ಗೋಡೆಯ ಕ್ಯಾಲೆಂಡರಿಗೆ ಚೆಲ್ಲಿತು. ನಾನು ತಿರುಗಿಸಿದ ಕಡೆಗೆ ತಿರುಗುವುದು ಈ ಮನೆಯಲ್ಲಿ ಇದೊಂದೇ ಎಂದು ಅದರ ಮೇಲೆ ಪ್ರೀತಿ ಇನ್ನೂ ಹೆಚ್ಚಾಯಿತು.

ಹೀಗೆ ಮೂರು ವಾರ ಕಳೆಯಿತು. ಭಾನುವಾರ ಬರುತ್ತೇನೆಂದು ಮಾವನ ಫೋನ್ ಬಂತು. ಗುರುವಾರ ಮೋಟರು ಅರ್ಧ ಸುತ್ತು ಹಾಕಿ ನಿಂತೇಬಿಟ್ಟಿತು. ಎಷ್ಟು ಕೈ ಕೊಟ್ಟರೂ ಏಳಲಿಲ್ಲ. ಹುರಿಗಡಲೆ ಸೀದಂಥ ವಾಸನೆ ಬಂತು. ಭಾನುವಾರ ಮಾವ ಬಂದು, ಸ್ವಿಚ್ಚು ಒತ್ತಿ, ಗಾಡಿಗೆ ಫೋನು ಮಾಡುವುದು ಕಣ್ಣ ಮುಂದೆ ಬಂತು. ನಮ್ಮನೆಯವರು ನನ್ನ ಮುಖ ನೋಡಿದರು, ಕಾರಿನ ಮಾತೆತ್ತಲಿಲ್ಲ. ಚಪ್ಪಲಿ ಮೆಟ್ಟಿ ಹೋಗಿ ದಾದಾಪೀರರನ್ನು ಕರೆತಂದರು. ದಾದಾಪೀರರು ನಮ್ಮೂರಿನಲ್ಲಿ ಬೋರ್‌ವೆಲ್ ಮೋಟರುಗಳಿಗೆ ವೈಂಡಿಂಗ್ ಮಾಡುವವರು. ಮೋಟರಿನ ಹಿಂದಿನ ಮುಚ್ಚಳ ಬಿಚ್ಚಿ, ಬೆರಳಾಡಿಸಿ, ಕೆಂಪು ಮುದ್ದೆಯೊಂದನ್ನು ಎಳೆದು ಅಂಗೈ ಮೇಲಿಟ್ಟರು. ಚೆಂಡು ಹೂವಿನ ಎಸಳು, ಕುಂಕುಮ, ಎಣ್ಣೆ, ಮರದ ಹೊಟ್ಟು, ಎಲ್ಲ ಸೇರಿ ಒಳ್ಳೆ ತಂಬಿಟ್ಟಿನಂತಾಗಿತ್ತು.

“ಮೇಡಂನೋರೇ, ಮೋಟರ್‌ಗೆ ಹೂವಾ ತಿನ್ಸೀರಲ್ರೀ” ಎಂದರು. “ಪೂಜೆ ಹೊರಗೆ ಮಾಡ್ರಿ. ಮೋಟರ್ ಏಳ್ಸಾ ಒಳಗಿನ ಸ್ವಿಚ್ಚಿಗ್ಯಾಕೆ ನೈವೇದ್ಯ?”

ನಾನು ಗಂಡನ ಕಡೆ ನೋಡಿದೆ. ಅವತ್ತು ಹೂವು ಮುಡಿಸಿದ್ದು ಅವರೇ ಎಂದು ನನಗೆ ಸ್ಪಷ್ಟವಾಗಿ ನೆನಪಿತ್ತು, ಹೇಳಿಯೂ ಹೇಳಿದೆ. ಅವರು ಒಳಗೆ ಹೋಗಿ ನನ್ನ ಡೈರಿಯನ್ನೇ ತಂದು ಕೊಟ್ಟರು. ಆಯುಧ ಪೂಜೆಯ ದಿನ, ನನ್ನದೇ ಅಕ್ಷರ: “ಹೂವು ನಿಲ್ಲದೆ ಜಾರುತ್ತಿತ್ತು. ಮೋಟರಿನ ಕಿಂಡಿಗಳಲ್ಲಿ ನಾನೇ ಒತ್ತಿ ಸಿಕ್ಕಿಸಿದೆ. ತುಂಬಾ ಲಕ್ಷಣವಾಗಿ ಕಂಡಿತು. ಇವರಿಗೆ ಇಂಥದ್ದೆಲ್ಲ ಹೊಳೆಯುವುದಿಲ್ಲ.”

ದಾದಾಪೀರರು ಒರೆಸಿ, ಹೊಸ ಕಂಡೆನ್ಸರ್ ಹಾಕಿ, ಸ್ವಿಚ್ಚು ಒತ್ತಿದರು. ಮೋಟರು ಗೊಣಗದೆ ಎದ್ದು ಓಡಿತು. “ಇನ್ನು ಕೈ ಕೊಡೋದು ಬೇಡ್ವಾ?” ಎಂದೆ. ನನ್ನ ದನಿಯಲ್ಲಿ ಅಷ್ಟೊಂದು ಬೇಸರ ಯಾಕಿತ್ತೋ.

“ಇನ್ನು ಮಾತ್ರ ಅಲ್ರೀ, ಈ ಹೂವು ಬೀಳಾಕೆ ಮುಂಚೆನೂ ಬೇಕಾಗಿರಲಿಲ್ಲ. ಒಳಗಿಂದು ಎಲ್ಲ ಮೊದಲಿಂದೇ ಐತೆ, ಯಾರೂ ಬಿಚ್ಚೇ ಇಲ್ಲ. ಇದು ಕೈ ಕೊಟ್ಟು ಓಡ್ಸಾ ಮೋಟರಲ್ಲ ಮೇಡಂ.”

ಭಾನುವಾರ ಮಾವ ಬಂದರು. ಕೋಲೂರಿಕೊಂಡು ನೇರ ಶೆಡ್ಡಿಗೇ ಹೋದರು. ಅವರ ಎದುರಿಗೇ ಬೇವಿನ ಮರದ ಲಟ್ಟಣಿಗೆಯೊಂದನ್ನು ಕಡೆದೆ. ಅದರಲ್ಲಿ ಲಟ್ಟಿಸಿದರೆ ಚಪಾತಿ ಕಹಿಯಾಗುತ್ತದೇನೋ ಎಂದು ನಮ್ಮನೆಯವರ ಅನುಮಾನ. ಮಾವ ಅದನ್ನು ಕಣ್ಣ ಮಟ್ಟಕ್ಕೆ ಹಿಡಿದು ನೋಡಿ “ನಡುವೆ ಒಂಚೂರು ಹೊಟ್ಟೆ ಬಂದೈತೆ. ಇರ್ಲಿ ಬಿಡು, ನಿಂಗೂ ಬಂದೈತಲ್ಲ” ಎಂದರು. ಆಮೇಲೆ ಬೇರಿಂಗು ಮುಟ್ಟಿ, ಬೆರಳು ಮೂಸಿ, “ಇಲ್ಲೇ ಇರ್ಲಿ” ಎಂದರು. ನಮ್ಮನೆಯವರು ಕಿಟಕಿಯಿಂದ ಕಾರಿನ ಕಡೆ ನೋಡಿ ನಿಟ್ಟುಸಿರು ಬಿಟ್ಟರು. ಮರುಕ್ಷಣವೇ ಎಲ್ಲರಿಗೂ ಕಾಫಿ ಮಾಡಲು ಎದ್ದು ಹೋದವರೂ ಅವರೇ.

ಸಂಜೆ ಬಸ್ ಸ್ಟ್ಯಾಂಡಿಗೆ ಮಾವನ ಜೊತೆ ನಾನೇ ಹೋದೆ. ಹಿರಿಯೂರಿನ ಬಸ್ಸಿನ ಮೆಟ್ಟಿಲ ಹತ್ತಿರ ನಿಂತು “ಕೈ ಕೊಡವ್ವಾ” ಎಂದರು. ಕೊಟ್ಟೆ. ಅವರ ಇನ್ನೊಂದು ಕೈ ಆಗಲೇ ಬಾಗಿಲ ಕಂಬಿಯನ್ನು ಗಟ್ಟಿಯಾಗಿ ಹಿಡಿದಿತ್ತು, ನನ್ನ ಕೈ ಮೇಲೆ ಭಾರವೇ ಬೀಳಲಿಲ್ಲ. ಆದರೂ ಆ ಎಂಟು ವರ್ಷದ ಹುಡುಗಿ ಎದೆ ಉಬ್ಬಿಸಿಕೊಂಡು ನಿಂತಳು, ಅದನ್ನು ಅಲ್ಲಗಳೆಯಲಾರೆ. ಅವರು ಸೀಟಿನಲ್ಲಿ ಕುಳಿತ ಮೇಲೆ ಕಿಟಕಿಯ ಹತ್ತಿರ ಹೋಗಿ ಕೇಳಿದೆ: “ಮಾವ, ಆವಾಗ ನಾನು ಚಕ್ರ ತಿರುವದಿದ್ರೆ ಆ ಮೋಟರ್ ನಿಜವಾಗ್ಲೂ ಏಳ್ತಿರಲಿಲ್ವಾ?”

ಮಾವ ನನ್ನನ್ನು ನೋಡಿದರು. ಆಮೇಲೆ ಕಂಡಕ್ಟರ್ ಕಡೆ ತಿರುಗಿ “ಹಿರಿಯೂರು ಒಂದ್ ಕೊಡಪ್ಪ” ಎಂದರು.