ಹನುಮಂತುವಿನ ಎದೆಯ ಗುಳ್ಳೆಗಳು

ಹೊಗಳಿಸಿಕೊಳ್ಳುವ ಚಟ ಮನುಷ್ಯನಿಗೆ ಯಾವ ಅಂಗದಲ್ಲಿ ಹತ್ತಿಕೊಳ್ಳುತ್ತದೆಂದು ಹೇಳಲಾಗದು. ನಮ್ಮ ಸೋದರಮಾವನಿಗೆ ಅದು ಮೀಸೆಯಲ್ಲಿತ್ತು, ನನಗೆ ಕಿವಿಯಲ್ಲಿ. ಆದೋನಿಯ ಹತ್ತಿ ಪೇಟೆಯ ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದಾಗ, ಸೆಟ್ಟು ಬಿಚ್ಚುವ ಮೊದಲೇ ಅದರ ಗೊರಗೊರ ಕೇಳಿ ಏನು ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದೆ. ಜನ ಬೆರಗಾಗುತ್ತಿದ್ದರು. ಹೆಂಡತಿ ಮಾತ್ರ ಆಗಲಿಲ್ಲ. "ಅಂಗಳದಾಗ ನಿಂತು ಮೂರು ಸಲ ಕೂಗಿದ್ರೂ ಓ ಅನ್ನಂಗಿಲ್ಲ, ಇವರದೇನು ಕಿವಿ ಬಿಡ್ರಿ" ಎಂದು ಪಕ್ಕದ ಮನೆಯಾಕೆಗೆ ಹೇಳುತ್ತಿದ್ದಳು.

ಎಪ್ಪತ್ತರ ದಶಕದ ಕೊನೆಗೆ ಈ ಕಿವಿಯೇ ನನ್ನನ್ನು ಬೊಂಬಾಯಿಗೆ ಒಯ್ದಿತು. ಸಮುದ್ರದ ತಳದಲ್ಲಿ ಪೈಪು ಕೂಡಿಸುವ ಕಂಪನಿಯೊಂದರಲ್ಲಿ ಕೆಲಸ. ಆಳದ ಒತ್ತಡದಲ್ಲಿ ಮುಳುಗುಗಾರ ಉಸಿರಾಡಿದ ಗಾಳಿ ಅವನ ರಕ್ತದಲ್ಲಿ ಕರಗಿರುತ್ತದೆ. ಮೇಲೆ ಬಂದಾಗ ಗೋಲಿ ಸೋಡಾ ಒಡೆದ ಹಾಗೆ ಗುಳ್ಳೆಯೇಳುತ್ತದೆ. ಹೆಚ್ಚಾದರೆ ಕೀಲು ಹಿಡಿಯುತ್ತದೆ, ಕಾಲು ಬೀಳುತ್ತದೆ, ಪ್ರಾಣಕ್ಕೂ ಸಂಚಕಾರ. ಆ ಗುಳ್ಳೆ ಪತ್ತೆಹಚ್ಚಲು ಒಂದು ಯಂತ್ರವಿತ್ತು. ಅದರ ಮೂತಿಯನ್ನು ಎದೆಗೊತ್ತಿದರೆ, ನಮಗೆ ಕೇಳಿಸದಂಥ ಶಬ್ದವನ್ನು ಒಳಕ್ಕೆ ಕಳಿಸಿ, ಹರಿಯುವ ರಕ್ತಕ್ಕೆ ತಾಗಿ ಮರಳಿದ್ದನ್ನು ಹೆಡ್‌ಫೋನಿಗೆ ಮುಟ್ಟಿಸುತ್ತಿತ್ತು. ರಕ್ತ ಹುಸ್ ಹುಸ್ ಎನ್ನುತ್ತದೆ, ನಡುವೆ ಟಕ್ ಎಂದರೆ ಗುಳ್ಳೆ. ಸುಮ್ಮನೆ ನಿಂತಾಗ ಒಮ್ಮೆ, ಬಸ್ಕಿ ಹೊಡೆಸಿ ಒಮ್ಮೆ ಕೇಳಬೇಕು. ಅಲ್ಲಿಯ ಡಾಕ್ಟರು ನನ್ನನ್ನು ನಾಲ್ಕು ದಿನ ಪರೀಕ್ಷಿಸಿ, ಇನ್ನು ನೀವು ಹೇಳಿದ್ದೇ ಕೊನೆಯ ಮಾತು ಎಂದುಬಿಟ್ಟರು. ಒಂದು ವಾರ ನಾನು ನೆಲದ ಮೇಲೆ ನಡೆಯಲಿಲ್ಲ.

ಈ ಕೆಲಸಕ್ಕೆ ನನ್ನ ಹೆಸರು ಹೇಳಿದವನು ಅಲ್ಲಿಯೇ ಮುಳುಗುಗಾರನಾಗಿದ್ದ ಹನುಮಂತು. ನಮ್ಮ ಕಡೆಯವನೇ, ಮಂತ್ರಾಲಯದ ಹತ್ತಿರದ ಮಾಧವರಂನವನು, ತುಂಗಭದ್ರೆಯಲ್ಲಿ ಹರಿಗೋಲು ಹಾಕುವ ಮನೆತನ. ಅವನ ಕೊರಳಲ್ಲಿ ತಾಯಿ ಕಟ್ಟಿದ ಬೆಳ್ಳಿಯ ತಾಯಿತವಿತ್ತು. ನನ್ನ ಮುಂದೆ ನಿಲ್ಲುವ ಮೊದಲು ಮೈಮೇಲಿನ ಲೋಹವನ್ನೆಲ್ಲ ತೆಗೆದಿಡಬೇಕೆಂಬುದು ನಿಯಮ. ಆದರೆ ನೀರಿಗಿಳಿಯುವ ಮಗನಿಗೆ ತಾಯಿ ಕಟ್ಟಿದ್ದನ್ನು ಬಿಚ್ಚು ಎನ್ನಲು, ಮಡಿ ಆಚಾರದ ಮನೆಯಲ್ಲಿ ಬೆಳೆದ ನನಗೆ ಬಾಯೇ ಬರುತ್ತಿರಲಿಲ್ಲ. "ಅದಿರ್ಲಿ, ಬೆನ್ನಿಗೆ ಸರಿಸಿಕೋ" ಎನ್ನುತ್ತಿದ್ದೆ.

ಒಂದು ದಿನ ಅವನು ಮುಳುಗಿ ಬಂದು ದಡ ಸೇರುವ ಹೊತ್ತಿಗೆ ಊರಿನಿಂದ ತಂತಿ ಬಂದಿತ್ತು: ತಾಯಿ ಸೀರಿಯಸ್, ಕೂಡಲೇ ಹೊರಡು. ಮದರಾಸ್ ಮೇಲ್ ಹಿಡಿದರೆ ಮರುದಿನ ಬೆಳಿಗ್ಗೆ ಮಂತ್ರಾಲಯಂ ರೋಡು ಸ್ಟೇಷನ್ನು. "ಜಲ್ದಿ ನೋಡ್ರಿ ಆಚಾರ್ರೇ, ನನ್ನ ಸಲುವಾಗಿ ಅವ್ವ ಜೀವ ಹಿಡಕಂಡಾಳ" ಎನ್ನುತ್ತಾ ಬಸ್ಕಿ ಹೊಡೆದ. ಟಕ್. ಟಕ್ ಟಕ್. ಡಾಕ್ಟರಿಗೆ ಹೇಳಿದೆ. ರೈಲು ಘಟ್ಟ ಹತ್ತಿದರೆ ಗಾಳಿಯ ಒತ್ತಡ ಇಳಿದು ಗುಳ್ಳೆ ಹಿಗ್ಗುತ್ತವೆ, ನಾಳೆಯವರೆಗೆ ಕಳಿಸುವಂತಿಲ್ಲ ಎಂದರು. ಹನುಮಂತು ನನ್ನ ಕೈ ಹಿಡಿದುಕೊಂಡ. "ಇನ್ನೊಂದ್ಸಾರಿ ಕೇಳ್ರಿ, ನಾ ಆರಾಮ ಅದೀನಿ." ಇನ್ನೊಮ್ಮೆ ಕೇಳುವುದು ನನ್ನ ಕಿವಿಗೆ ಅವಮಾನವೆನಿಸಿತು. "ನನ್ನ ಕಿವಿ ಸುಳ್ಳು ಹೇಳಂಗಿಲ್ಲಪಾ" ಎಂದೆ.

ಮೇಲ್ ಹೋದ ಮೇಲೆ, ಕ್ರಮದಂತೆ ಮತ್ತೆ ಕೇಳಿದೆ. ಅವನು ತಾಯಿತವನ್ನು ಮುಷ್ಟಿಯಲ್ಲಿ ಹಿಡಿದು ಅಳುತ್ತಿದ್ದ. ಬಸ್ಕಿ ಹೊಡೆಸಿದರೂ ಬರೀ ಹುಸ್ ಹುಸ್. ಕಣ್ಣೊರೆಸಿಕೊಳ್ಳಲು ಅವನು ಮುಷ್ಟಿ ಬಿಟ್ಟ. ತಾಯಿತ ಜಾರಿ ನನ್ನ ಕೈಯಲ್ಲಿದ್ದ ಯಂತ್ರದ ಮೂತಿಗೆ ತಾಗಿತು. ಟಕ್. ಅದೇ ಟಕ್. ಮೊದಲ ಸಲವೂ ಬಸ್ಕಿ ಹೊಡೆಯುವಾಗ ಅದು ಬೆನ್ನಿನಿಂದ ಮುಂದಕ್ಕೆ ಜಾರಿರಬೇಕು, ನಾನು ನೋಡಿರಲಿಲ್ಲ. ಆಗ ಗುಳ್ಳೆಯೂ ಇದ್ದಿರಬಹುದೆಂದು ನನ್ನೊಳಗೇ ವಾದ ಹೂಡಿದೆ, ಗೆಲ್ಲಲಿಲ್ಲ. ಅವನಿಗೆ ಹೇಳಬೇಕಿತ್ತು. ನಾಚಿಕೆಯಿಂದ ಹೇಳಲಿಲ್ಲ.

ಮರುದಿನದ ರೈಲಿಗೆ ಅವನು ಹೋದ. ಅವನು ಮುಟ್ಟುವ ಹಿಂದಿನ ಸಂಜೆಯೇ ತಾಯಿಯನ್ನು ಹೊಳೆಯ ದಂಡೆಯಲ್ಲಿ ಮಣ್ಣು ಮಾಡಿ ಮುಗಿಸಿದ್ದರು. ಅದೇ ದಿನ ಮಧ್ಯಾಹ್ನದವರೆಗೂ ಆಕೆ "ಹನುಮ ಬಂದಾನೇನು" ಎಂದು ಕೇಳುತ್ತಲೇ ಇದ್ದಳಂತೆ.

ಈಗ ನಾವಿಬ್ಬರೂ ಊರಿಗೆ ಮರಳಿದ್ದೇವೆ. ಮೊನ್ನೆ ಮಾಧವರಂನಲ್ಲಿ ಹೊಳೆ ದಾಟಲು ಅವನ ಹರಿಗೋಲು ಹತ್ತಿದೆ. ಅವನು ನಡುನೀರಿನಲ್ಲಿ ಎಲ್ಲರಿಗೂ ಕೇಳುವಂತೆ ಶುರು ಮಾಡಿದ: "ಈ ಆಚಾರ್ರು ಅದಾರಲ್ಲ, ಇವರ ಕಿವಿ ಇಲ್ಲಂದ್ರ ನಾನು ಘಟ್ಟದಾಗ ಸಾಯ್ತಿದ್ದೆ. ಅವ್ವನ ಮುಖ ನೋಡಲಿಲ್ಲ ಖರೆ, ಆದ್ರ ಆಕಿ ಮಗ ಉಳಿದ." ಯಾರೋ ತೆಲುಗಿನಲ್ಲಿ "ಪುಣ್ಯಾತ್ಮುಡಂಡಿ" ಎಂದು ಕೈ ಮುಗಿದರು. ನನಗೆ ಹೊಳೆಗೆ ಹಾರಿಬಿಡೋಣ ಎನಿಸಿತು, ಈಜು ಬರುವುದಿಲ್ಲ.

ಅಷ್ಟರಲ್ಲಿ ಒಬ್ಬ ಮುದುಕಿ, "ನಮ್ಮ ಯಜಮಾನನ ಎದಿ ಒಂದೀಟು ಕೇಳ್ರಿ ಸ್ವಾಮಿ, ಕೆಮ್ಮು ಹೋಗವಲ್ದು" ಎಂದಳು. ಮುದುಕ ಆಗಲೇ ಅಂಗಿಯ ಗುಂಡಿ ಬಿಚ್ಚುತ್ತಿದ್ದ. ಸದ್ದಾಗಬಾರದೆಂದು ಹನುಮಂತು ಹುಟ್ಟನ್ನು ನೀರಿನಿಂದ ಮೇಲೆತ್ತಿ ಹಿಡಿದ. ಈಗಲಾದರೂ ಹೇಳಿಬಿಡೋಣವೆಂದು ಬಾಯಿ ತೆರೆದೆ. ಎಲ್ಲರೂ ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದರು. ನಾನು ಬಾಗಿ, ಮುದುಕನ ಎದೆಗೆ ಕಿವಿಯಿಟ್ಟೆ.